ಇಂಪಲ್ಸ್ ಚಾಸಿಗೆ ಕರಿಜ್ಮಾದ 223 ಸಿಸಿ ಎಂಜಿನ್: ಮನೆಯಲ್ಲೇ ಕೂರಿಸುವುದು ಹೇಗೆ?

ತೋಟದ ಹಾದಿ (ಪ್ರಶ್ನೆ)

ನಮಸ್ಕಾರ. ಮೂಡಿಗೆರೆಯ ಹತ್ತಿರ ನಮ್ಮದೊಂದು ಕಾಫಿ ತೋಟವಿದೆ. ತೋಟದೊಳಗಿನ ಏರುಹಾದಿಗಳಲ್ಲಿ ಓಡಾಡಲು 2012ರ ಹೀರೋ ಇಂಪಲ್ಸ್ ಬೈಕ್ ಒಂದನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಾ ಬಂದಿದ್ದೇನೆ. ಕಳೆದ ಮಳೆಗಾಲದಲ್ಲಿ ಹಳ್ಳ ದಾಟುವಾಗ ಕಲ್ಲೊಂದು ಎಂಜಿನ್ನಿನ ತಳಕ್ಕೆ ಬಡಿದು ಕೇಸಿಂಗ್ ಸೀಳಿತು. ಆಯಿಲ್ ಸೋರುತ್ತಿರುವುದನ್ನು ಗಮನಿಸದೆ ನಾನು ಇನ್ನೂ ಎರಡು ಏರು ಹತ್ತಿಸಿದ್ದರಿಂದ ಎಂಜಿನ್ ಸೀಜ್ ಆಗಿ ಗಾಡಿ ಅಲ್ಲೇ ನಿಂತಿತು. ಚಾಸಿ, ಮುಂದಿನ ಫೋರ್ಕ್, ಹಿಂದಿನ ಮೊನೊಶಾಕ್, ಚಕ್ರಗಳು ಎಲ್ಲವೂ ಇಂದಿಗೂ ಗಟ್ಟಿಯಾಗಿವೆ. ನೆಲದಿಂದ 245 ಮಿ.ಮೀ. ಎತ್ತರವಿರುವ, 19 ಇಂಚಿನ ಮುಂಗಾಲಿಯ ಇಂಥ ಹಗುರ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಇದೇ ಸಮಯಕ್ಕೆ ನಮ್ಮ ಸಂಬಂಧಿಕರ 2007ರ ಹೀರೋ ಹೋಂಡಾ ಕರಿಜ್ಮಾ ಬೈಕ್ ಒಂದು ನನ್ನ ಕೈಸೇರಿದೆ. ಅಪಘಾತದಲ್ಲಿ ಅದರ ಚಾಸಿ ಬಗ್ಗಿದ್ದರೂ ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಆರ್‌ಸಿ ಕೂಡ ಇದೆ. ಇಂಪಲ್ಸ್ ಚಾಸಿಗೆ ಈ ಎಂಜಿನ್ ಕೂರಿಸಿದವರು ನಮ್ಮ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆಂದು ಬಲ್ಲೆ, ಆದರೆ ಕೆಲಸವನ್ನು ಯಾವ ತುದಿಯಿಂದ ಹಿಡಿಯಬೇಕೆಂದು ಯಾರೂ ಬಿಡಿಸಿ ಹೇಳಿದ್ದನ್ನು ಕೇಳಿಲ್ಲ. ನನ್ನ ಬಳಿ ಇನ್ವರ್ಟರ್ ವೆಲ್ಡಿಂಗ್ ಯಂತ್ರ, ಗ್ರೈಂಡರ್, ಡ್ರಿಲ್ ಮತ್ತು ಎಂಜಿನ್ ತೂಗುಹಾಕಲು ಚೈನ್ ಪುಲ್ಲಿ ಇವೆ. ಪೇಟೆಯಲ್ಲಿ ಲೇತ್ ಇರುವ ಪರಿಚಯದವರೊಬ್ಬರಿದ್ದಾರೆ. ಹಳೆಯ ಎಂಜಿನ್ನನ್ನು ಇನ್ನೂ ಇಳಿಸಿಲ್ಲ. ಮೌಂಟಿಂಗ್, ಚೈನ್ ಮತ್ತು ವೈರಿಂಗ್ ಬಗ್ಗೆ, ಹಾಗೆಯೇ ಕಾಗದಪತ್ರದ ಬಗ್ಗೆ ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಲೇತ್‌ಮನೆ

ಹಳೆಯ ಎಂಜಿನ್ ಇನ್ನೂ ಚಾಸಿಯಲ್ಲೇ ಇದೆ ಎಂದು ಓದಿ ಸಮಾಧಾನವಾಯಿತು. ದಯವಿಟ್ಟು ಅದನ್ನು ಇಳಿಸುವ ಮೊದಲೇ ಮೂರು ಅಳತೆಗಳನ್ನು ತೆಗೆದು ಬರೆದಿಟ್ಟುಕೊಳ್ಳಿ. ಮುಂದಿನ ಸ್ಪ್ರಾಕೆಟ್‌ನ ನಡುಬಿಂದುವಿನಿಂದ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಬೋಲ್ಟಿನ ನಡುಬಿಂದುವಿಗೆ ಅಡ್ಡಲಾಗಿ ಎಷ್ಟು ದೂರವಿದೆ, ಅದೇ ಎರಡು ಬಿಂದುಗಳ ನಡುವೆ ಎತ್ತರದ ಅಂತರ ಎಷ್ಟು, ಮತ್ತು ಚಾಸಿಯ ನಡುಗೆರೆಯಿಂದ ಮುಂದಿನ ಸ್ಪ್ರಾಕೆಟ್‌ನ ಹಲ್ಲಿನ ಮಧ್ಯಕ್ಕೆ ಎಷ್ಟು ದೂರವಿದೆ ಎಂಬುದೇ ಆ ಮೂರು. ಹೊಸ ಎಂಜಿನ್ ಎಲ್ಲಿ ಕೂರಬೇಕೆಂಬುದನ್ನು ತೀರ್ಮಾನಿಸುವುದು ಈ ಅಳತೆಗಳೇ. ಬಹಳಷ್ಟು ಜನ ಎಂಜಿನ್ನನ್ನು ಚಾಸಿಯೊಳಗೆ ತೂರಿಸಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಬ್ರಾಕೆಟ್ ಬೆಸೆದು, ಕೊನೆಯಲ್ಲಿ ಚೈನ್ ಹಾಕಲು ಹೋದಾಗ ಅದು ವಾರೆಯಾಗಿರುವುದನ್ನು ಕಂಡು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ನನ್ನ ಬಳಿಗೆ ರಿಪೇರಿಗೆ ಬಂದ ಇಂಥ ಎರಡು ಗಾಡಿಗಳಲ್ಲಿ ಎಲ್ಲ ಬ್ರಾಕೆಟ್‌ಗಳನ್ನೂ ಕಿತ್ತು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಆದ್ದರಿಂದ ಮೊದಲು ಚೈನಿನ ಗೆರೆ, ಆಮೇಲೆ ಮುಂದಿನ ಸ್ಪ್ರಾಕೆಟ್‌ನ ಎತ್ತರ ಮತ್ತು ಹಿಂದು ಮುಂದಿನ ಸ್ಥಾನ, ಕಟ್ಟಕಡೆಗೆ ಬ್ರಾಕೆಟ್. ಹಿಂದಿನ ಸ್ಪ್ರಾಕೆಟ್‌ನ ಮುಖಕ್ಕೆ ನೇರವಾದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಒತ್ತಿ ಹಿಡಿದು, ಅದರ ತುದಿ ಮುಂದಿನ ಸ್ಪ್ರಾಕೆಟ್‌ನ ಮುಖಕ್ಕೆ ಸಮನಾಗಿ ಬರುವವರೆಗೆ ಎಂಜಿನ್ನನ್ನು ಎಡಬಲಕ್ಕೆ ಸರಿಸಬೇಕು. ಇದಕ್ಕಾಗಿ ಎಂಜಿನ್ ಚಾಸಿಯ ನಡುಗೆರೆಯಿಂದ ಎರಡು ಮೂರು ಮಿ.ಮೀ. ಆಚೀಚೆ ಹೋದರೂ ಓಡಿಸುವಾಗ ಅದು ಗೊತ್ತಾಗುವುದಿಲ್ಲ. ಅಷ್ಟೇ ವ್ಯತ್ಯಾಸ ಚೈನಿನಲ್ಲಿ ಉಳಿದರೆ ಮಾತ್ರ ಸ್ಪ್ರಾಕೆಟ್ ಒಂದು ಬದಿಗೆ ಸವೆದು, ಒಂದು ದಿನ ಏರಿನ ನಡುವೆ ಚೈನ್ ಹಾರಿ ಎಂಜಿನ್ ಕೇಸಿಂಗ್ ಒಡೆಯಬಹುದು. ಇನ್ನೊಂದು ವಿಷಯ, ಎರಡೂ ಸ್ಪ್ರಾಕೆಟ್‌ಗಳು ಒಂದೇ ಚೈನಿನ ಅಳತೆಯವೇ ಎಂದು ನೋಡಿಕೊಳ್ಳಿ. 428 ಚೈನಿನ ಕೊಂಡಿಗಳ ಅಂತರ 12.7 ಮಿ.ಮೀ., 520ರದ್ದು 15.875 ಮಿ.ಮೀ.; ಇವೆರಡನ್ನು ಬೆರೆಸಲು ಬರುವುದಿಲ್ಲ. ಬೇರೆ ಬೇರೆಯಾಗಿದ್ದರೆ ಹಿಂದಿನ ಸ್ಪ್ರಾಕೆಟ್ಟನ್ನೇ ಬದಲಿಸುವುದು ಸುಲಭ.

ಇನ್ನು ಬ್ರಾಕೆಟ್ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ಊಹೆಯಿಂದ ಹೇಳದೆ ಲೆಕ್ಕ ಹಾಕಿ ತೋರಿಸುತ್ತೇನೆ. ಇಂಪಲ್ಸ್‌ನ 149.2 ಸಿಸಿ ಎಂಜಿನ್ ಕೊಡುತ್ತಿದ್ದದ್ದು 13.4 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಕರಿಜ್ಮಾದ 223 ಸಿಸಿ ಎಂಜಿನ್ ಕೊಡುವುದು 18.35. ಅಂದರೆ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿನ ಏರಿಕೆ. ಆದರೆ ಮೌಂಟಿಂಗ್‌ಗೆ ನಿಜವಾದ ಪರೀಕ್ಷೆ ಬರುವುದು ಮೊದಲ ಗೇರಿನಲ್ಲಿ. ಕ್ರ್ಯಾಂಕ್‌ನಿಂದ ಮುಂದಿನ ಸ್ಪ್ರಾಕೆಟ್‌ಗೆ ತಲುಪುವಷ್ಟರಲ್ಲಿ ಟಾರ್ಕ್ ಒಟ್ಟು ಎಂಟು ಪಟ್ಟಾಗುತ್ತದೆ ಎಂದು ಅಂದಾಜಿಗೆ ಇಟ್ಟುಕೊಂಡರೆ ಅದು ಸುಮಾರು 147 ನ್ಯೂಟನ್ ಮೀಟರ್ ಆಯಿತು. 428 ಚೈನಿನ 14 ಹಲ್ಲುಗಳ ಸ್ಪ್ರಾಕೆಟ್‌ನ ತ್ರಿಜ್ಯ 28 ಮಿ.ಮೀ.ಗಿಂತ ಕೊಂಚ ಹೆಚ್ಚಷ್ಟೆ. ಭಾಗಿಸಿ ನೋಡಿದರೆ ಚೈನ್ ತನ್ನ ಮೇಲಿನ ಎಳೆಯಲ್ಲಿ ಎಂಜಿನ್ನನ್ನು ಹಿಂದಕ್ಕೆ ಎಳೆಯುವ ಬಲ 500 ಕೆ.ಜಿ. ತೂಕವನ್ನು ಮೀರುತ್ತದೆ. ಆ ಎಳೆತ ಎಂಜಿನ್ನಿನ ಎಡಬದಿಯಲ್ಲಿ ಮಾತ್ರ ಬೀಳುವುದರಿಂದ ಎಂಜಿನ್ ಹಿಂದಕ್ಕೆ ಜಗ್ಗುವುದಷ್ಟೇ ಅಲ್ಲ, ತಿರುಚಿಕೊಳ್ಳಲೂ ನೋಡುತ್ತದೆ. ನೀವು ಜಾರುವ ಕಲ್ಲಿನ ಮೇಲೆ ಕ್ಲಚ್ ಬಿಟ್ಟಾಗ ಚಕ್ರ ಥಟ್ಟನೆ ಹಿಡಿತ ಪಡೆದರೆ ಒಂದು ಕ್ಷಣಕ್ಕೆ ಇದಕ್ಕಿಂತಲೂ ಹೆಚ್ಚಿನ ಬಲ ಬೀಳುತ್ತದೆ. ಆದ್ದರಿಂದ ಹಿಂದಿನ ಮೇಲ್ಭಾಗ ಮತ್ತು ಹಿಂದಿನ ಕೆಳಭಾಗದ ಮೌಂಟಿಂಗ್‌ಗಳೇ ಈ ಕೆಲಸದ ಬೆನ್ನೆಲುಬು. ಅವಕ್ಕೆ 6 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟನ್ನು ಎರಡೂ ಬದಿಗೆ ಬಳಸಿ, ನಡುವೆ ಲೇತ್‌ನಲ್ಲಿ ಕಡೆಸಿದ ಬುಷ್ ಹಾಕಿ, 8.8 ದರ್ಜೆಗಿಂತ ಕಡಿಮೆಯಿಲ್ಲದ ಬೋಲ್ಟ್ ಕೊಡಿ. ಸಿಲಿಂಡರ್ ಹೆಡ್ಡನ್ನು ಚಾಸಿಗೆ ಹಿಡಿಯುವ ಮೇಲಿನ ಮೌಂಟಿಂಗ್ ಬೇಡವೆಂದು ಕೆಲವರು ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಎಂಜಿನ್ ತೂಗಾಡಿ ಕೆಳಗಿನ ಬೆಸುಗೆಗಳು ಒಂದೊಂದಾಗಿ ಬಿರಿಯುತ್ತವೆ.

ಬ್ರಾಕೆಟ್ ಕತ್ತರಿಸುವ ಮೊದಲು ಗಟ್ಟಿ ರಟ್ಟಿನಲ್ಲಿ ಅದರ ಆಕಾರ ಮಾಡಿಕೊಳ್ಳಿ. ರಟ್ಟು ಸರಿಹೊಂದಿದ ಮೇಲೆ ತೆಳು ತಗಡು, ಅದೂ ಹೊಂದಿದ ಮೇಲೆ 6 ಮಿ.ಮೀ. ಪ್ಲೇಟು. ಎಲ್ಲಕ್ಕಿಂತ ಮುಖ್ಯವಾಗಿ, ಓಡುವ ಎಂಜಿನ್ನನ್ನು ಚಾಸಿಯಲ್ಲಿಟ್ಟು ವೆಲ್ಡಿಂಗ್ ಮಾಡಬೇಡಿ. ವೆಲ್ಡಿಂಗ್‌ನ ಕರೆಂಟ್ ಕ್ರ್ಯಾಂಕ್‌ನ ಬೇರಿಂಗುಗಳ ಮೂಲಕ ಹಾದುಹೋದರೆ ಗುಂಡುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬಿದ್ದು, ಕೆಲವೇ ತಿಂಗಳಲ್ಲಿ ಎಂಜಿನ್ ಗುನುಗಲು ಆರಂಭಿಸುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕರಿಜ್ಮಾದ ಖಾಲಿ ಕೇಸಿಂಗ್ ಹುಡುಕಿ. ಒಳಗೆ ಏನೂ ಇಲ್ಲದ, ಸೀಳು ಬಿಟ್ಟದ್ದಾದರೂ ಸಾಕು. ಅದನ್ನು ಬೋಲ್ಟ್ ಹಾಕಿ ಬಿಗಿದಿಟ್ಟುಕೊಂಡೇ ಬೆಸುಗೆ ಹಾಕಿದರೆ ಬೆಸುಗೆ ತಣಿಯುವಾಗ ಬ್ರಾಕೆಟ್ ಎಳೆದುಕೊಂಡು ರಂಧ್ರಗಳು ತಪ್ಪುವುದಿಲ್ಲ. ಕೇಸಿಂಗ್ ಮೇಲೆ ಎಂಜಿನ್ ಸಂಖ್ಯೆ ಕೊರೆದಿರುತ್ತದೆ, ಆದ್ದರಿಂದ ಆ ಸಂಖ್ಯೆಯನ್ನು ಬರೆಸಿದ ರಸೀದಿ ಇಲ್ಲದೆ ಕೊಳ್ಳಬೇಡಿ.

ಮನೆಯಲ್ಲಿ ಟಾಕ್ ವೆಲ್ಡ್ (ಜಾಗದಲ್ಲಿ ಹಿಡಿದಿಡುವಷ್ಟು ಚುಕ್ಕೆ ಬೆಸುಗೆ) ಮಾತ್ರ ಮಾಡಿ, ಪೂರ್ತಿ ಬೆಸುಗೆಯನ್ನು ಕೈ ಪಳಗಿದ ವೆಲ್ಡರ್ ಹತ್ತಿರ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಚಾಸಿಯ ಪೈಪು ತೆಳುವಾಗಿರುತ್ತದೆ, ಪ್ಲೇಟು ದಪ್ಪವಾಗಿರುತ್ತದೆ. ಪ್ಲೇಟು ಕಾಯುವಷ್ಟರಲ್ಲಿ ಪೈಪು ತೂತಾಗುತ್ತದೆ, ಅಥವಾ ಪೈಪಿಗೆ ಹೆದರಿ ಕೈ ಬೇಗ ಓಡಿಸಿದರೆ ಬೆಸುಗೆ ಮೇಲ್ಮೈಯಲ್ಲೇ ಉಳಿಯುತ್ತದೆ. ಬೆಸುಗೆಯ ಮೇಲೆ ತಿಳಿಬಣ್ಣದ ಪೇಂಟ್ ಬಳಿಯಿರಿ. ಮುಂದೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದರ ಮೇಲೆ ಕಂದು ಗೆರೆಯಾಗಿ ಕಾಣಿಸುತ್ತದೆ.

ಹಳೇ ಪಿಸ್ಟನ್

ಮೇಲಿನ ಉತ್ತರದ ಒಂದು ಅಕ್ಷರಕ್ಕೂ ನನ್ನ ತಕರಾರಿಲ್ಲ. ಆದರೂ ಇನ್ನೊಂದು ದಾರಿಯನ್ನು ಮುಂದಿಡುತ್ತೇನೆ. ಇಂಪಲ್ಸ್‌ನ ಎಂಜಿನ್ ಹಂಕ್ ಮತ್ತು ಸಿಬಿಝಡ್ ಎಕ್ಸ್‌ಟ್ರೀಮ್ ಗಾಡಿಗಳಲ್ಲಿದ್ದ 149.2 ಸಿಸಿ ಎಂಜಿನ್ನಿನ ಕುಟುಂಬಕ್ಕೇ ಸೇರಿದ್ದು. ಆ ಗಾಡಿಗಳು ನಮ್ಮ ರಾಜ್ಯದ ಊರೂರುಗಳಲ್ಲೂ ಓಡಿದ್ದರಿಂದ ಕ್ರ್ಯಾಂಕ್, ಪಿಸ್ಟನ್, ಗ್ಯಾಸ್ಕೆಟ್‌ಗಳನ್ನು ಹುಡುಕುವುದು ಕಷ್ಟವಲ್ಲ. ಸೀಜ್ ಆದ ಸಿಲಿಂಡರ್ ಬೋರ್ ಮಾಡಿಸಿ, ಸೀಳಿದ ಕೇಸಿಂಗ್ ಬದಲಿಸಿದರೆ ಒಂದೇ ಒಂದು ಬ್ರಾಕೆಟ್ಟನ್ನೂ ಬೆಸೆಯದೆ ನಿಮ್ಮ ಗಾಡಿ ಮತ್ತೆ ಏರು ಹತ್ತುತ್ತದೆ. ತೋಟದ ಕೆಲಸಕ್ಕೆ 13 ಪಿಎಸ್ ಸಾಲದೆ ಹೋಗಿತ್ತೇ ಎಂಬ ಪ್ರಶ್ನೆಗೆ ನೀವೇ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಸಾಲುತ್ತಿತ್ತು ಎಂದಾದರೆ ಹಳೆಯ ಎಂಜಿನ್ನನ್ನೇ ಉಳಿಸುವುದು ಲೇಸು.

ಕಡತ

ಕಾಗದಪತ್ರದ ಬಗ್ಗೆ ಕೇಳಿದ್ದೀರಿ. ಇದು ಬಹಳ ಜನ ಹಗುರವಾಗಿ ತೆಗೆದುಕೊಳ್ಳುವ ವಿಷಯವಾದ್ದರಿಂದ ಸ್ಪಷ್ಟವಾಗಿಯೇ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವ ಅಧಿಕಾರ ಮಾಲೀಕನಿಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಎಂಜಿನ್ ಕೆಟ್ಟಾಗ ಅದೇ ತಯಾರಿಕೆಯ, ಅದೇ ನಮೂನೆಯ ಇನ್ನೊಂದು ಎಂಜಿನ್ನನ್ನು ಆರ್‌ಟಿಒ ಅನುಮತಿ ಪಡೆದು ಹಾಕಿಸಿಕೊಂಡು, ಹೊಸ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳುವ ದಾರಿ ಬೇರೆ. 149 ಸಿಸಿ ಇದ್ದ ಕಡೆ 223 ಸಿಸಿ ಕೂರಿಸುವುದು ಆ ದಾರಿಯೊಳಗೆ ಬರುವುದಿಲ್ಲ.

ಹಾಗಾದರೆ ತೋಟದೊಳಗೆ? ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳವೆಂದರೆ ಜನರಿಗೆ ಪ್ರವೇಶದ ಹಕ್ಕಿರುವ ರಸ್ತೆ, ದಾರಿ ಅಥವಾ ಜಾಗ. ಬೇಲಿ ಹಾಕಿದ ನಿಮ್ಮ ಸ್ವಂತ ಜಮೀನು ಆ ಅರ್ಥದೊಳಗೆ ಬರುವುದಿಲ್ಲ. ಆದರೆ ನಮ್ಮ ಮಲೆನಾಡಿನಲ್ಲಿ ತೋಟದ ಎರಡು ತುಂಡುಗಳ ನಡುವೆ ಪಂಚಾಯಿತಿ ರಸ್ತೆ ಹಾದುಹೋಗುವುದು ಸಾಮಾನ್ಯ. ಆ ಇಪ್ಪತ್ತು ಅಡಿ ದಾಟುವಾಗಲೂ ನೀವು ಸಾರ್ವಜನಿಕ ಸ್ಥಳದಲ್ಲಿರುತ್ತೀರಿ. ಅಲ್ಲಿ ಯಾರಿಗಾದರೂ ಪೆಟ್ಟಾದರೆ, ಆರ್‌ಸಿಯಲ್ಲಿ ಇರುವುದಕ್ಕೂ ಚಾಸಿಯಲ್ಲಿ ಇರುವುದಕ್ಕೂ ತಾಳೆಯಾಗದ ಗಾಡಿಯ ವಿಮೆಯನ್ನು ನಂಬಿಕೊಂಡು ಕೂರಲಾಗದು. ಅಂಥ ಕಡೆ ಗಾಡಿಯನ್ನು ಪಿಕಪ್‌ನಲ್ಲಿ ಹಾಕಿಕೊಂಡು ದಾಟಿಸಿ. ಕಾಡಿನ ದಾರಿಯಂತೂ ಬೇಡವೇ ಬೇಡ.

ಬಗ್ಗಿದ ಕರಿಜ್ಮಾದ ವಿಷಯವನ್ನೂ ಮರೆಯಬೇಡಿ. ವಾಹನವು ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಅದನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು 55ನೇ ಕಲಮು ಹೇಳುತ್ತದೆ. ಅದು ನಿಮ್ಮ ಸಂಬಂಧಿಕರ ಹೆಸರಿನಲ್ಲಿದ್ದರೆ ಅವರೇ ಈ ಕೆಲಸ ಮುಗಿಸಬೇಕಾಗುತ್ತದೆ.

ತೋಟದ ಹಾದಿ

ಎಲ್ಲರಿಗೂ ಕೃತಜ್ಞತೆಗಳು. ಹಳೇ ಪಿಸ್ಟನ್ ಅವರ ಪ್ರಶ್ನೆಯನ್ನು ಎರಡು ದಿನ ಯೋಚಿಸಿದೆ. ನಮ್ಮ ಮೇಲಿನ ಪಟ್ಟೆಯ ಏರು ಬಹಳ ಕಡಿದಾಗಿದ್ದು, ಹಿಂದೆ ಒಂದು ಮೂಟೆ ಕಟ್ಟಿಕೊಂಡರೆ ಹಳೆಯ ಎಂಜಿನ್ ಮೊದಲ ಗೇರಿನಲ್ಲೇ ಏದುಸಿರು ಬಿಡುತ್ತಿತ್ತು. ಆದ್ದರಿಂದ ಕರಿಜ್ಮಾ ಎಂಜಿನ್ನನ್ನೇ ಹಾಕುವುದೆಂದು ತೀರ್ಮಾನಿಸಿದ್ದೇನೆ. ಹಳೆಯ ಎಂಜಿನ್ನನ್ನು ಬಿಚ್ಚಿ ಎಣ್ಣೆ ಹಚ್ಚಿ ತೆಗೆದಿಡುತ್ತೇನೆ, ಮುಂದೆ ಬೇಕೆನಿಸಿದರೆ ರಿಪೇರಿ ಮಾಡಿಸಬಹುದು. ಗಾಡಿ ತೋಟದ ಗೇಟು ದಾಟುವುದಿಲ್ಲ. ಲೇತ್‌ಮನೆಯವರು ಹೇಳಿದ ಮೂರು ಅಳತೆಗಳನ್ನು ತೆಗೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಇನ್ನು ಉಳಿದಿರುವುದು ವೈರಿಂಗ್. ಇಂಪಲ್ಸ್‌ನ ವೈರಿಂಗನ್ನೇ ಇಟ್ಟುಕೊಂಡು ಎಂಜಿನ್ನಿಗೆ ಬೇಕಾದ ತಂತಿಗಳನ್ನು ಮಾತ್ರ ಸೇರಿಸಿದರೆ ಸಾಕೇ?

ಕಿಡಿ

ದೀಪ, ಹಾರ್ನ್, ಇಂಡಿಕೇಟರ್‌ಗಳ ಮಟ್ಟಿಗೆ ಇಂಪಲ್ಸ್‌ನ ವೈರಿಂಗ್ ಸಾಕು. ಕಿಡಿಗೆ ಸಂಬಂಧಪಟ್ಟದ್ದನ್ನು ಮಾತ್ರ ಒಂದು ಗಾಡಿಯಿಂದ ಅರ್ಧ, ಇನ್ನೊಂದರಿಂದ ಅರ್ಧ ತೆಗೆದುಕೊಳ್ಳಬಾರದು. ಎಂಜಿನ್ನಿನೊಳಗಿರುವ ಸ್ಟೇಟರ್ (ಕರೆಂಟ್ ಹುಟ್ಟಿಸುವ ಸುರುಳಿಗಳು) ಮತ್ತು ಪಿಕಪ್ ಕಾಯಿಲ್ (ಕ್ರ್ಯಾಂಕ್‌ನ ಸ್ಥಾನ ತಿಳಿಸುವ ಸುರುಳಿ) ಕರಿಜ್ಮಾದವು. ಪಿಸ್ಟನ್ ಯಾವ ಹಂತದಲ್ಲಿದ್ದಾಗ ಕಿಡಿ ಹಾರಬೇಕೆಂಬ ಲೆಕ್ಕ ಇರುವುದು ಕರಿಜ್ಮಾದ ಸಿಡಿಐ ಡಬ್ಬಿಯಲ್ಲಿ. ಆದ್ದರಿಂದ ಸಿಡಿಐ, ಇಗ್ನಿಷನ್ ಕಾಯಿಲ್ ಮತ್ತು ರೆಗ್ಯುಲೇಟರ್ ಮೂರನ್ನೂ ಅದೇ ಗಾಡಿಯಿಂದ ತೆಗೆದುಕೊಳ್ಳಿ. ಕನೆಕ್ಟರ್‌ಗಳನ್ನು ಕತ್ತರಿಸದೆ, ಒಂದು ಗೇಣು ತಂತಿಯ ಸಮೇತ ತೆಗೆಯಿರಿ. ಬಿಚ್ಚುವ ಮೊದಲು ಪ್ರತಿ ತಂತಿಗೂ ಚೀಟಿ ಕಟ್ಟಿ ಫೋಟೊ ತೆಗೆದಿಡಿ.

ಒಂದು ಅಪಾಯದ ಬಗ್ಗೆ ಎಚ್ಚರಿಸಬೇಕು. ಕೆಲವು ಸಿಡಿಐಗಳು ಬ್ಯಾಟರಿಯಿಂದ ನಡೆಯುತ್ತವೆ, ಅವುಗಳಲ್ಲಿ ಕಿಲ್ ಸ್ವಿಚ್ ಒತ್ತಿದರೆ ಕರೆಂಟ್ ಕಡಿತವಾಗಿ ಎಂಜಿನ್ ನಿಲ್ಲುತ್ತದೆ. ಇನ್ನು ಕೆಲವು ಸ್ಟೇಟರ್‌ನ ಸ್ವಂತ ಕಾಯಿಲ್‌ನಿಂದ ನಡೆಯುತ್ತವೆ, ಅವುಗಳಲ್ಲಿ ಅದೇ ಸ್ವಿಚ್ ಒಂದು ತಂತಿಯನ್ನು ಚಾಸಿಗೆ ಮುಟ್ಟಿಸಿ ಎಂಜಿನ್ ನಿಲ್ಲಿಸುತ್ತದೆ. ಒಂದು ಬಗೆಯ ಸಿಡಿಐಗೆ ಇನ್ನೊಂದು ಬಗೆಯ ಸ್ವಿಚ್ ಜೋಡಿಸಿದರೆ ಎಂಜಿನ್ ನಿಲ್ಲುವುದೇ ಇಲ್ಲ, ಇಲ್ಲವೇ ಸಿಡಿಐ ಸುಟ್ಟುಹೋಗುತ್ತದೆ. ನಿಮ್ಮ ಕೈಲಿರುವುದು ಯಾವ ಬಗೆ ಎಂದು ಮಲ್ಟಿಮೀಟರ್ ಹಿಡಿದು ತಿಳಿದುಕೊಂಡ ಮೇಲೆಯೇ ಸ್ವಿಚ್ ಜೋಡಿಸಿ. ಇಳಿಜಾರಿನಲ್ಲಿ ಥ್ರಾಟಲ್ ಸಿಕ್ಕಿಹಾಕಿಕೊಂಡಾಗ ನಿಮ್ಮನ್ನು ಕಾಯುವುದು ಆ ಒಂದು ಗುಂಡಿಯೇ.

ಕಾರ್ಬುರೇಟರ್ ಕೂಡ ಕರಿಜ್ಮಾದ್ದೇ ಇರಲಿ. ಗಾಳಿ ಸೋಸುವ ಡಬ್ಬಿಯ ಬಾಯಿ ಅದಕ್ಕೆ ಹೊಂದಲಿಲ್ಲವೆಂದು ಡಬ್ಬಿ ಕಿತ್ತೆಸೆದು ಬಯಲು ಫಿಲ್ಟರ್ ಸಿಕ್ಕಿಸುವವರನ್ನು ನೋಡಿದ್ದೇನೆ. ತೋಟದ ಕೆಂಧೂಳಿನಲ್ಲಿ ಅದು ಎಂಜಿನ್ನಿನ ಆಯುಷ್ಯವನ್ನೇ ತಿನ್ನುತ್ತದೆ. ನಡುವೆ ರಬ್ಬರ್ ಕೊಳವೆಯೊಂದನ್ನು ಹೊಂದಿಸಿ, ಎರಡು ತುದಿಗೂ ಕ್ಲಿಪ್ ಬಿಗಿದರೆ ಸಾಕು. ನಿಮ್ಮೂರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಹತ್ತರಲ್ಲೊಂದು ಪಾಲು ತೆಳುವಾಗಿರುತ್ತದೆ. ಪ್ಲಗ್ ಕಪ್ಪಗೆ ಮಸಿ ಹಿಡಿಯುತ್ತಿದ್ದರೆ ಕಾರ್ಬುರೇಟರ್‌ನ ಮುಖ್ಯ ಜೆಟ್ಟನ್ನು (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಒಂದು ಅಳತೆ ಚಿಕ್ಕದು ಮಾಡಿ ನೋಡಿ.

ಲೇತ್‌ಮನೆ

ನಾನು ಮೊದಲೇ ಹೇಳಬೇಕಾಗಿದ್ದ ಎರಡು ಪರೀಕ್ಷೆಗಳನ್ನು ಈಗ ಸೇರಿಸುತ್ತೇನೆ. ಇವೆರಡನ್ನೂ ಪೂರ್ತಿ ಬೆಸುಗೆ ಹಾಕುವ ಮೊದಲು, ಟಾಕ್ ವೆಲ್ಡ್ ಇರುವಾಗಲೇ ಮಾಡಬೇಕು.

ಒಂದು, ಮುಂದಿನ ಫೋರ್ಕಿನ ಸ್ಪ್ರಿಂಗ್‌ಗಳನ್ನು ತೆಗೆದು, ಗಾಡಿಯನ್ನು ಕೆಳಕ್ಕೆ ಒತ್ತಿ ಫೋರ್ಕನ್ನು ಪೂರ್ತಿ ಮುಳುಗಿಸಿ. ಆಗ ಮುಂಗಾಲಿಯಾಗಲಿ ಮಡ್‌ಗಾರ್ಡ್ ಆಗಲಿ ಸೈಲೆನ್ಸರ್‌ನ ಬೆಂಡ್ ಪೈಪಿಗೆ ಅಥವಾ ಹೆಡ್ಡಿಗೆ ತಾಗುತ್ತದೆಯೇ ಎಂದು ನೋಡಿ. ಹ್ಯಾಂಡಲ್ಲನ್ನು ಎರಡೂ ಬದಿಗೆ ತಿರುಗಿಸಿಯೂ ನೋಡಿ. ಕರಿಜ್ಮಾ ರಸ್ತೆಯ ಗಾಡಿಯಾದ್ದರಿಂದ ಅದರ ಬೆಂಡ್ ಪೈಪು ಈ ಚಾಸಿಯ ಲೆಕ್ಕದಲ್ಲಿ ಮಾಡಿದ್ದಲ್ಲ. ಗಾಡಿ ನಿಂತಿದ್ದಾಗ ನಾಲ್ಕು ಬೆರಳು ಅಂತರ ಕಂಡರೂ ಚರಂಡಿಗೆ ಹಾರಿದಾಗ ಅದು ಉಳಿಯುವುದಿಲ್ಲ. ಬೆಂಡ್ ಪೈಪನ್ನು ಕತ್ತರಿಸಿ ಒಳಕ್ಕೆ ಬಳಸಿ ತರುವುದು ಇಲ್ಲಿ ಬಹುತೇಕ ಬೇಕಾಗಿಯೇ ಬೀಳುತ್ತದೆ.

ಎರಡು, ಮೊನೊಶಾಕ್ ಕಳಚಿ ಹಿಂದಿನ ಚಕ್ರವನ್ನು ಕೈಯಲ್ಲೇ ನಿಧಾನಕ್ಕೆ ಮೇಲೆತ್ತುತ್ತಾ ಹೋಗಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಬೋಲ್ಟು ಮತ್ತು ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿಯಾಗುತ್ತದೆ. ಆ ಸ್ಥಾನದಲ್ಲಿ ಕೆಳಗಿನ ಎಳೆಯ ಮಧ್ಯಭಾಗ 10ರಿಂದ 15 ಮಿ.ಮೀ. ಆಡುವಂತೆ ಹೊಂದಿಸಿ, ಶಾಕ್ ಮತ್ತೆ ಹಾಕಿದ ಮೇಲೆ ಸ್ಟ್ಯಾಂಡಿನ ಮೇಲೆ ಎಷ್ಟು ಸಡಿಲ ಕಾಣುತ್ತದೆ ಎಂದು ಅಳೆದು ಆ ಅಳತೆಯನ್ನೇ ನಿಮ್ಮ ಗೋಡೆಯ ಮೇಲೆ ಬರೆಯಿರಿ. ಮುಂದಿನ ಸ್ಪ್ರಾಕೆಟ್‌ನ ಸ್ಥಾನ ಬದಲಾದ ಮೇಲೆ ಕಂಪನಿ ಪುಸ್ತಕದಲ್ಲಿರುವ ಸಂಖ್ಯೆ ಈ ಗಾಡಿಗೆ ಅನ್ವಯಿಸುವುದಿಲ್ಲ.

ಮೊದಲ ಸಲ ಓಡಿಸಿದಾಗ ಸಪಾಟು ಜಾಗದಲ್ಲಿ ಇಪ್ಪತ್ತು ನಿಮಿಷ ಸಾಕು. ಎಂಜಿನ್ ತಣಿದ ಮೇಲೆ ಎಲ್ಲ ಮೌಂಟಿಂಗ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿಯಿರಿ. 8.8 ದರ್ಜೆಯ ಎಂ10 ಬೋಲ್ಟಿಗೆ ಸುಮಾರು 45 ನ್ಯೂಟನ್ ಮೀಟರ್, ಎಂ8 ಬೋಲ್ಟಿಗೆ ಸುಮಾರು 22. ಆದರೆ ಬೋಲ್ಟು ಅಲ್ಯೂಮಿನಿಯಂ ಕೇಸಿಂಗಿನ ಹಲ್ಲಿನೊಳಗೆ ನೇರ ಕೂರುವ ಕಡೆ ಇಷ್ಟು ಬಿಗಿಯದೆ ಕರಿಜ್ಮಾದ ಸರ್ವಿಸ್ ಪುಸ್ತಕದಲ್ಲಿರುವಷ್ಟನ್ನೇ ಕೊಡಿ. ನಟ್ಟಿನಿಂದ ಪ್ಲೇಟಿನ ಮೇಲೆ ಹಾಯುವಂತೆ ಒಂದು ಪೇಂಟ್ ಗೆರೆ ಎಳೆದರೆ ಮುಂದೆ ಯಾವುದು ಸಡಿಲವಾಯಿತೆಂದು ಸ್ಪ್ಯಾನರ್ ಹಿಡಿಯದೆಯೇ ತಿಳಿಯುತ್ತದೆ.

ತೋಟದ ಹಾದಿ

ಗುರುವಾರ ಬೆಂಗಳೂರಿಗೆ ಹೋಗಿ ಖಾಲಿ ಕೇಸಿಂಗ್ ಒಂದನ್ನು ರಸೀದಿಯ ಸಮೇತ ತಂದಿದ್ದೇನೆ. ಹಿಂದಿನ ಸ್ಪ್ರಾಕೆಟ್‌ಗೆ ಅಲ್ಯೂಮಿನಿಯಂ ಪಟ್ಟಿ ಹಿಡಿದು ನೋಡಿದಾಗ, ಕೇಸಿಂಗ್ ನಟ್ಟನಡುವೆ ಇದ್ದಾಗ ಚೈನಿನ ಗೆರೆ 4 ಮಿ.ಮೀ. ಹೊರಗೆ ಬೀಳುತ್ತಿದೆ. ಕೇಸಿಂಗನ್ನು 2 ಮಿ.ಮೀ. ಬಲಕ್ಕೆ ಸರಿಸಿ, ಉಳಿದ 2 ಮಿ.ಮೀ.ಗೆ ಹಿಂದಿನ ಸ್ಪ್ರಾಕೆಟ್ ಮತ್ತು ಹಬ್ಬಿನ ನಡುವೆ ಲೇತ್‌ನಲ್ಲಿ ಕಡೆಸಿದ ಬಿಲ್ಲೆ ಹಾಕಲು ಯೋಚಿಸಿದ್ದೇನೆ. ಇದು ಸರಿಯೇ?

ಲೇತ್‌ಮನೆ

ಸರಿಯಿದೆ. ಬಿಲ್ಲೆಯನ್ನು ತುಂಡು ತುಂಡು ವಾಷರ್‌ಗಳಾಗಿ ಹಾಕದೆ, ಎಲ್ಲ ಬೋಲ್ಟ್‌ಗಳೂ ಹಾದುಹೋಗುವ ಒಂದೇ ಉಂಗುರವಾಗಿ ಮಾಡಿಸಿ. ಹಬ್ಬಿನ ಮಧ್ಯದ ಉಬ್ಬಿಗೆ ಸ್ಪ್ರಾಕೆಟ್ ಇನ್ನೂ ಕೂರುತ್ತದೆಯೇ ಎಂದು ನೋಡಿಕೊಂಡು, ಬೋಲ್ಟ್‌ಗಳನ್ನೂ ಈಗಿನದಕ್ಕಿಂತ 2 ಮಿ.ಮೀ. ಹೆಚ್ಚು ಉದ್ದದವುಗಳಿಗೆ ಬದಲಿಸಿ.